ಹದಿಹರೆಯದ ಮಕ್ಕಳ ಆನ್‌ಲೈನ್ ಖಾತೆಗೆ ಪಾಲಕರ ಒಪ್ಪಿಗೆ: ಮೊದಲಿನಿಂದ ಕೊನೆಯವರೆಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲಿನ ವಾರಗಳಲ್ಲಿ ಹುಬ್ಬಳ್ಳಿಯ ಮೊಬೈಲ್ ಅಂಗಡಿಗಳಿಗೆ ಬರುವ ಗಿರಾಕಿಗಳಲ್ಲಿ ಅಪ್ಪ, ಅವ್ವ ಮತ್ತು ಪಿಯುಸಿಗೆ ಸೇರಲಿರುವ ಮಗ ಅಥವಾ ಮಗಳೇ ಹೆಚ್ಚು. ಫೋನ್ ಆರಿಸಲು ಒಂದು ತಾಸು ಹಿಡಿಯುತ್ತದೆ. ಕ್ಯಾಮೆರಾ ಎಷ್ಟು, ಬ್ಯಾಟರಿ ಎಷ್ಟು, ಇನ್ನೂರು ರೂಪಾಯಿ ಬಿಡುತ್ತೀರಾ ಎಂದೆಲ್ಲ ಚೌಕಾಸಿ ನಡೆಯುತ್ತದೆ. ಖಾತೆ ತೆರೆಯುವ ಕೆಲಸ ಮಾತ್ರ ಕ್ಷಣದಲ್ಲಿ ಮುಗಿಯುತ್ತದೆ, ಏಕೆಂದರೆ ಅದನ್ನು ಮಾಡುವವನು ಅಂಗಡಿಯ ಹುಡುಗ. ಜನ್ಮದಿನಾಂಕ ಕೇಳಿದಲ್ಲಿ ಕೈಗೆ ಬಂದ ವರ್ಷ ಹಾಕುತ್ತಾನೆ, ಪಾಸ್‌ವರ್ಡ್ ಜಾಗದಲ್ಲಿ ಮೊಬೈಲ್ ಸಂಖ್ಯೆಯನ್ನೇ ಬರೆಯುತ್ತಾನೆ, ‘ಐ ಅಗ್ರೀ’ ಗುಂಡಿಯನ್ನೂ ತಾನೇ ಒತ್ತಿ ಫೋನನ್ನು ಕೈಗಿಡುತ್ತಾನೆ. ಮುಂದಿನ ಐದಾರು ವರ್ಷ ಆ ಮಗುವಿಗೆ ಏನು ಕಾಣಬೇಕು, ಯಾರು ಸಂದೇಶ ಕಳುಹಿಸಬಹುದು, ಯಾವುದಕ್ಕೆ ಪಾಲಕರ ಒಪ್ಪಿಗೆ ಬೇಕು ಎಂಬುದೆಲ್ಲ ತೀರ್ಮಾನವಾಗುವುದು ಅಲ್ಲಿಯೇ.

ನಾನು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಪಾಲಕರ ಸಭೆಯಲ್ಲಿ ಮತ್ತೆ ಮತ್ತೆ ಕೇಳುವ ಮಾತು, ‘ಸೆಟ್ಟಿಂಗ್ ಎಲ್ಲ ಮಾಡಿಸಿದ್ದೇವೆ ಮೇಡಂ, ಆದರೂ ಹುಡುಗ ನಡುರಾತ್ರಿಯವರೆಗೆ ಫೋನ್ ಬಿಡುವುದಿಲ್ಲ’ ಎಂಬುದು. ಬಿಚ್ಚಿ ನೋಡಿದರೆ ಬಹಳಷ್ಟು ಮನೆಗಳಲ್ಲಿ ಕಾರಣ ಎರಡೇ. ಒಂದು, ಖಾತೆಯಲ್ಲಿರುವ ಜನ್ಮದಿನಾಂಕ ಸುಳ್ಳು. ಎರಡು, ಒಪ್ಪಿಗೆ ಕೊಡಬೇಕಾದ ಅಪ್ಪನ ಫೋನಿನ ಪಿನ್ ಮಗನಿಗೆ ಗೊತ್ತು. ಇವೆರಡನ್ನು ಸರಿಪಡಿಸದೆ ಮುಂದಿನ ಯಾವ ಸೆಟ್ಟಿಂಗ್ ಹಾಕಿದರೂ ಶ್ರಮ ವ್ಯರ್ಥ. ಹಾಗಾಗಿ ಮೊದಲ ಎರಡು ಹಂತಗಳ ಬಗ್ಗೆ ಹೆಚ್ಚು ಬರೆದಿದ್ದೇನೆ. ದಯವಿಟ್ಟು ಅವನ್ನು ದಾಟಿಸಿ ಮುಂದೆ ಹೋಗಬೇಡಿ.

ಇನ್ನೊಂದು ಮಾತು. ಇದನ್ನೆಲ್ಲ ಮಗು ಮಲಗಿದ ಮೇಲೆ ಕದ್ದು ಮಾಡಬೇಡಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎರಡೂ ಫೋನ್ ಚಾರ್ಜ್ ಮಾಡಿಕೊಂಡು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. 13 ದಾಟಿದ ಮಕ್ಕಳ ಖಾತೆಗಳಲ್ಲಿ ಬಹುತೇಕ ಕಡೆ ಮಗುವೂ ಒಪ್ಪಿದರೆ ಮಾತ್ರ ಮೇಲ್ವಿಚಾರಣೆ ಜಾರಿಗೆ ಬರುತ್ತದೆ. ಅದು ಸರಿಯೂ ಹೌದು.

13, 16, 18

ಈ ವಿಷಯದಲ್ಲಿ ಪಾಲಕರ ತಲೆ ಕೆಡಿಸುವುದು ಮೂರು ಬೇರೆ ಬೇರೆ ವಯಸ್ಸುಗಳು.

ಭಾರತದಲ್ಲಿ ಗೂಗಲ್ ಖಾತೆಯನ್ನು ಸ್ವತಂತ್ರವಾಗಿ ನಡೆಸಲು 13 ತುಂಬಿರಬೇಕು. ಅದಕ್ಕಿಂತ ಚಿಕ್ಕವರ ಖಾತೆಯನ್ನು ಪಾಲಕರೇ ತೆರೆದು, ತಮ್ಮ ಖಾತೆಗೆ ಜೋಡಿಸಿ ನಡೆಸಬೇಕು. ಇನ್‌ಸ್ಟಾಗ್ರಾಂ ಕೂಡ 13ಕ್ಕೆ ಮೊದಲು ಖಾತೆ ಕೊಡುವುದಿಲ್ಲ. 16 ಎಂಬುದು ಇನ್‌ಸ್ಟಾಗ್ರಾಂ ತನ್ನ ‘ಟೀನ್ ಅಕೌಂಟ್’ಗಳಿಗೆ ಹಾಕಿಕೊಂಡಿರುವ ಗೆರೆ. 16ರೊಳಗಿನವರು ರಕ್ಷಣೆಯ ಸೆಟ್ಟಿಂಗ್‌ಗಳನ್ನು ಸಡಿಲಿಸಬೇಕಾದರೆ ಪಾಲಕರು ಒಪ್ಪಬೇಕು.

18 ನಮ್ಮ ದೇಶದ ಕಾನೂನಿನ ಗೆರೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ 18 ತುಂಬದವರೆಲ್ಲರೂ ಮಕ್ಕಳೇ. ಅವರ ವೈಯಕ್ತಿಕ ಮಾಹಿತಿ ಬಳಸುವ ಮುನ್ನ ಪಾಲಕರಿಂದ, ಪರಿಶೀಲಿಸಬಹುದಾದ ರೀತಿಯಲ್ಲಿ, ಒಪ್ಪಿಗೆ ಪಡೆಯಬೇಕು. ಮಕ್ಕಳ ಚಲನವಲನವನ್ನು ಹಿಂಬಾಲಿಸಿ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ಕಾಯ್ದೆ ತಡೆಯುತ್ತದೆ. ಮಕ್ಕಳ ವಿಷಯದಲ್ಲಿ ತಪ್ಪಿದ ಸಂಸ್ಥೆಗೆ 200 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳಿಗೆ ಹೊಂದಿಕೊಳ್ಳಲು ಸಂಸ್ಥೆಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಪಾಲಕರ ಗುರುತನ್ನು ಖಚಿತಪಡಿಸಲು ಸಂಸ್ಥೆಯ ಬಳಿ ಈಗಾಗಲೇ ಇರುವ ವಿವರವನ್ನು ಅಥವಾ ಡಿಜಿಲಾಕರ್‌ನಂಥ ಸೇವೆಯ ಮೂಲಕ ಸಿಗುವ ದೃಢೀಕರಣವನ್ನು ಬಳಸಲು ನಿಯಮಗಳು ದಾರಿ ಮಾಡಿಕೊಟ್ಟಿವೆ. ಅಂದರೆ ‘ನಾನು ಇವನ ತಂದೆ’ ಎಂಬ ಚೌಕದಲ್ಲಿ ಮಗನೇ ಗುರುತು ಹಾಕಿ ಮುಗಿಸುವ ಕಾಲ ಮುಗಿಯುತ್ತಾ ಬಂದಿದೆ.

ಪಾಲಕರಿಗೆ ಈ ಕಾಯ್ದೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಅಂಶ ಬೇರೆಯೇ ಇದೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು ಎಂದು ಅದು ಹೇಳುತ್ತದೆ. ಒಮ್ಮೆ ಹ್ಞೂಂ ಎಂದ ಮಾತ್ರಕ್ಕೆ ಕೈ ಕಟ್ಟಿ ಹೋಯಿತು ಎಂದುಕೊಳ್ಳಬೇಡಿ.

ಹಂತ 1: ಖಾತೆ ಯಾರದು, ಜನ್ಮದಿನಾಂಕ ಯಾವುದು

ಮಗುವಿನ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ‘ಗೂಗಲ್’ ಒತ್ತಿ. ಅಲ್ಲಿ ಕಾಣುವ ಇಮೇಲ್ ವಿಳಾಸ ಯಾರದೆಂದು ನೋಡಿ. ನಮ್ಮ ಕಡೆ ಮನೆಯಲ್ಲಿ ಹೊಸ ಫೋನ್ ಬಂದಾಗ ಹಳೆಯದು ಮಕ್ಕಳ ಪಾಲಿಗೆ ಬರುವುದು ರೂಢಿ. ಎಷ್ಟೋ ಸಲ ಆ ಹಳೆಯ ಫೋನಿನಲ್ಲಿ ಅಪ್ಪನ ಖಾತೆಯೇ ತೆರೆದಿರುತ್ತದೆ. ಗೂಗಲ್ ಲೆಕ್ಕದಲ್ಲಿ ಆ ಫೋನ್ ಬಳಸುತ್ತಿರುವವರು ನಲವತ್ತೈದರ ವ್ಯಾಪಾರಿ, ನಿಜದಲ್ಲಿ ಎಂಟನೇ ತರಗತಿಯ ಹುಡುಗಿ. ಹಾಗಿದ್ದರೆ ಫೋಟೊ ಮತ್ತು ಸಂಪರ್ಕ ಸಂಖ್ಯೆಗಳನ್ನು ಬೇರೆಡೆ ಉಳಿಸಿಕೊಂಡು, ಫೋನನ್ನು ಪೂರ್ತಿ ರೀಸೆಟ್ ಮಾಡಿ, ಮಗುವಿನ ಹೆಸರಿನಲ್ಲಿಯೇ ಹೊಸ ಖಾತೆ ತೆರೆಯಿರಿ.

ಖಾತೆ ಮಗುವಿನದೇ ಆಗಿದ್ದರೆ ಅದೇ ಪುಟದಲ್ಲಿ ಗೂಗಲ್ ಖಾತೆ ನಿರ್ವಹಣೆಯ ಗುಂಡಿ ಒತ್ತಿ, ‘ಪರ್ಸನಲ್ ಇನ್ಫೋ’ ವಿಭಾಗಕ್ಕೆ ಹೋಗಿ ‘ಬರ್ತ್‌ಡೇ’ ನೋಡಿ. ಶಾಲೆಯ ದಾಖಲೆಯಲ್ಲಿ ಅಥವಾ ಜನನ ಪ್ರಮಾಣಪತ್ರದಲ್ಲಿ ಇರುವ ದಿನಾಂಕವೇ ಅಲ್ಲಿರಬೇಕು. ತಪ್ಪಿದ್ದರೆ ತಿದ್ದಿ. ಆದರೆ ಎಚ್ಚರಿಕೆ: ಸರಿಯಾದ ದಿನಾಂಕ ಹಾಕಿದಾಗ ಮಗುವಿನ ವಯಸ್ಸು 13ಕ್ಕಿಂತ ಕಡಿಮೆ ಎಂದು ತಿಳಿದುಬಂದರೆ, 14 ದಿನಗಳೊಳಗೆ ಪಾಲಕರ ಮೇಲ್ವಿಚಾರಣೆ ಜೋಡಿಸದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಆದ್ದರಿಂದ ದಿನಾಂಕ ತಿದ್ದುವ ಮೊದಲೇ ನೋಟ್ಸ್, ಫೋಟೊಗಳನ್ನು ಉಳಿಸಿಕೊಳ್ಳಿ, ಅದೇ ಹೊತ್ತಿನಲ್ಲಿ ಮೂರನೇ ಹಂತವನ್ನೂ ಮುಗಿಸಿ.

ಅದೇ ಪುಟದಲ್ಲಿ ಖಾತೆಗೆ ಜೋಡಿಸಿದ ಫೋನ್ ಸಂಖ್ಯೆಯನ್ನೂ ನೋಡಿ. ಅಂಗಡಿಯವನ ಸಂಖ್ಯೆಯೋ ಯಾವುದೋ ಗೆಳೆಯನ ಸಂಖ್ಯೆಯೋ ಅಲ್ಲಿದ್ದರೆ ತೆಗೆದು, ಅವ್ವನ ಅಥವಾ ಅಪ್ಪನ ಸಂಖ್ಯೆ ಹಾಕಿ. ಪಾಸ್‌ವರ್ಡ್ ಮರೆತಾಗ ಖಾತೆಯನ್ನು ಮರಳಿ ಪಡೆಯುವ ದಾರಿ ಅದೊಂದೇ ಆಗಿರಬಹುದು.

ಹಂತ 2: ಮೊದಲು ನಿಮ್ಮ ಫೋನ್ ನಿಮ್ಮದಾಗಲಿ

ಮಗು ಕೇಳಿದ ಒಪ್ಪಿಗೆಯ ಕೋರಿಕೆ ಬರುವುದು ನಿಮ್ಮ ಫೋನಿಗೆ. ಆ ಫೋನನ್ನು ನಿಮಗೆ ಹೊಂದಿಸಿ ಕೊಟ್ಟವರು ಯಾರು? ಬಹುತೇಕ ಮನೆಗಳಲ್ಲಿ ಅದೇ ಮಗು. ಪಿನ್ ಇಟ್ಟವನು ಅವನು, ಇಮೇಲ್ ತೆರೆದವನು ಅವನು, ಬೆರಳಚ್ಚನ್ನು ದಾಖಲಿಸುವಾಗ ‘ಅಪ್ಪ, ಒಂದು ನನ್ನದೂ ಇರಲಿ’ ಎಂದು ತನ್ನ ಬೆರಳನ್ನೂ ಸೇರಿಸಿದವನು ಅವನು. ಅಪ್ಪ ಊಟಕ್ಕೆ ಕುಳಿತಾಗ ಫೋನ್ ಎತ್ತಿಕೊಂಡು ತನ್ನ ಕೋರಿಕೆಗೆ ತಾನೇ ‘ಅಪ್ರೂವ್’ ಒತ್ತಲು ಅವನಿಗೆ ಅರೆಕ್ಷಣ ಸಾಕು.

ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಮನೆಯಲ್ಲಿ ಫೋನ್ ಬಲ್ಲವನು ಅವನೊಬ್ಬನೇ ಎಂದು ನಾವೇ ಅವನ ಕೈಗೆ ಕೊಟ್ಟಿರುತ್ತೇವೆ. ಈಗ ಅದನ್ನು ಶಾಂತವಾಗಿ ಹಿಂದಕ್ಕೆ ಪಡೆಯಬೇಕು, ಹೀಗೆ:

ಫೋನಿನ ಪಿನ್ ಬದಲಿಸಿ. ಮಕ್ಕಳ ಜನ್ಮದಿನ, ಮದುವೆಯ ದಿನಾಂಕ, ಗಾಡಿಯ ಸಂಖ್ಯೆ ಬೇಡ. ಮನೆಯ ಮಕ್ಕಳು ಮೊದಲು ಪ್ರಯತ್ನಿಸುವುದೇ ಅವನ್ನು.

ಬೆರಳಚ್ಚಿನ ಪಟ್ಟಿ ತೆರೆಯಿರಿ. ಯಾವುದು ಯಾರದೆಂದು ತಿಳಿಯದಿದ್ದರೆ ಎಲ್ಲವನ್ನೂ ಅಳಿಸಿ ನಿಮ್ಮ ಬೆರಳನ್ನು ಮಾತ್ರ ಹೊಸದಾಗಿ ಸೇರಿಸಿ.

ಗೂಗಲ್ ಖಾತೆಯ ‘ಸೆಕ್ಯುರಿಟಿ’ ವಿಭಾಗದಲ್ಲಿ ‘ಯುವರ್ ಡಿವೈಸಸ್’ ನೋಡಿ. ನಿಮ್ಮ ಖಾತೆ ಎಲ್ಲೆಲ್ಲಿ ತೆರೆದಿದೆ ಎಂಬುದು ಅಲ್ಲಿ ಸಾಲಾಗಿ ಬರುತ್ತದೆ. ಮಗುವಿನ ಕೈಯಲ್ಲಿರುವ ಹಳೆಯ ಫೋನ್, ಟ್ಯಾಬ್, ಯಾವುದೋ ಸೈಬರ್ ಕೆಫೆಯ ಕಂಪ್ಯೂಟರ್ ಅದರಲ್ಲಿದ್ದರೆ ಸೈನ್ ಔಟ್ ಮಾಡಿ.

ನಂತರ ಖಾತೆಯ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ದೃಢೀಕರಣ ಹಾಕಿ. ಫೋನ್ ಲಾಕ್ ಆಗಿದ್ದಾಗಲೂ ಪರದೆಯ ಮೇಲೆ ಒಟಿಪಿ ಓದಲು ಸಿಗದಂತೆ ನೋಟಿಫಿಕೇಶನ್‌ನ ಒಳವಿವರ ಮುಚ್ಚಿಡಿ. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಅಪ್ಪ ವಾರವಿಡೀ ಲಾರಿಯಲ್ಲಿ ಹೊರಗಿರುವವರು, ಅಥವಾ ಸೀಸನ್ನಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಫೋನ್ ನೋಡಲು ಪುರಸೊತ್ತಿಲ್ಲದವರು ಎಂದಿಟ್ಟುಕೊಳ್ಳಿ. ಗದ್ದಲದ ನಡುವೆ ಬಂದ ಕೋರಿಕೆಗೆ ಅವರು ಓದದೆಯೇ ಒಪ್ಪಿಗೆ ಒತ್ತುತ್ತಾರೆ. ಅಂಥ ಮನೆಗಳಲ್ಲಿ ಅವ್ವನನ್ನೂ ಪಾಲಕಳಾಗಿ ಸೇರಿಸಿ. ಗೂಗಲ್‌ನ ಕುಟುಂಬ ಗುಂಪಿನಲ್ಲಿ ಒಟ್ಟು ಆರು ಮಂದಿ ಇರಬಹುದು, ಗುಂಪು ನಡೆಸುವವರು ಇನ್ನೊಬ್ಬ ವಯಸ್ಕರಿಗೂ ಪಾಲಕರ ಅಧಿಕಾರ ಕೊಡಬಹುದು. ಅವ್ವನಿಗೆ ಇಂಗ್ಲಿಷ್ ಅಡ್ಡಿಯಾದರೆ ಅವರ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ‘ಅವಳಿಗೆ ಇದೆಲ್ಲ ತಿಳಿಯುವುದಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸ್ವಸಹಾಯ ಸಂಘದ ಲೆಕ್ಕ ಬರೆಯುವವರಿಗೆ ಇದು ದೊಡ್ಡ ವಿದ್ಯೆಯಲ್ಲ.

ಹಾಗೆಂದು ಕಾಲೇಜಿಗೆ ಹೋಗುವ ಅಣ್ಣನನ್ನೋ ಪಕ್ಕದ ಓಣಿಯ ಮಾಮನನ್ನೋ ಪಾಲಕರ ಜಾಗದಲ್ಲಿ ಕೂರಿಸಬೇಡಿ. ಮನೆಯಲ್ಲಿ ಬೇಡ ಎಂದಾಗ ಜವಾಬು ಕೊಡಬೇಕಾದವರು ಯಾರೋ ಅವರ ಫೋನಿಗೇ ಕೋರಿಕೆ ಬರಬೇಕು.

ಹಂತ 3: ಫ್ಯಾಮಿಲಿ ಲಿಂಕ್ ಜೋಡಣೆ

ಆಂಡ್ರಾಯ್ಡ್ ಫೋನ್ ಇರುವ ಮನೆಗಳಿಗೆ ಪಾಲಕರ ಮೇಲ್ವಿಚಾರಣೆಗೆಂದೇ ಇರುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಸಾಕು. ಹಣ ಕೇಳುವ ಬೇರೆ ಆ್ಯಪ್‌ಗಳ ಅಗತ್ಯವಿಲ್ಲ. ಮಗುವಿಗೆ ತಿಳಿಯದಂತೆ ಸಂದೇಶ ಓದಿಸುವ ಗೂಢಚಾರ ಆ್ಯಪ್‌ಗಳನ್ನಂತೂ ಹತ್ತಿರ ಸೇರಿಸಬೇಡಿ. ಮಗುವಿನ ಖಾಸಗಿ ಫೋಟೊಗಳು ಯಾರ ಸರ್ವರ್‌ಗೆ ಹೋಗುತ್ತವೆಂದು ನಿಮಗೂ ಗೊತ್ತಿರುವುದಿಲ್ಲ.

1. ನಿಮ್ಮ ಫೋನಿನಲ್ಲಿ ಪ್ಲೇ ಸ್ಟೋರ್‌ನಿಂದ ಫ್ಯಾಮಿಲಿ ಲಿಂಕ್ ಹಾಕಿಕೊಂಡು ನಿಮ್ಮ ಖಾತೆಯಿಂದ ಒಳಗೆ ಹೋಗಿ.

2. ಮಗುವಿನ ಫೋನಿನಲ್ಲಿ ಸೆಟ್ಟಿಂಗ್ಸ್, ಅಲ್ಲಿಂದ ಗೂಗಲ್, ಅಲ್ಲಿಂದ ‘ಪೇರೆಂಟಲ್ ಕಂಟ್ರೋಲ್ಸ್’. ಕೆಲವು ಫೋನುಗಳಲ್ಲಿ ಇದು ‘ಡಿಜಿಟಲ್ ವೆಲ್‌ಬೀಯಿಂಗ್’ ಒಳಗಿರುತ್ತದೆ. ಈ ಫೋನ್ ಬಳಸುವವರು ಮಗು ಅಥವಾ ಹದಿಹರೆಯದವರು ಎಂಬುದನ್ನು ಆರಿಸಿ.

3. ಮಗುವಿನ ಖಾತೆ ಆರಿಸಿ, ನಿಮ್ಮ ಇಮೇಲ್ ಮತ್ತು ಪಾಸ್‌ವರ್ಡ್ ಹಾಕಿ. ಪಾಸ್‌ವರ್ಡ್ ಹಾಕುವಾಗ ಮಗು ಪರದೆ ನೋಡದಿರಲಿ.

4. ಈಗ ಮಗು ತನ್ನ ಪಾಸ್‌ವರ್ಡ್ ಹಾಕಿ ಒಪ್ಪಬೇಕು. ಪಾಲಕರು ಏನೇನು ನೋಡಬಹುದು, ಏನನ್ನು ನೋಡಲಾರರು ಎಂಬ ಪುಟ ತೆರೆದುಕೊಳ್ಳುತ್ತದೆ. ಇಲ್ಲಿ ನಿಲ್ಲಿ. ಈ ಪುಟವನ್ನು ಮಗುವೇ ಗಟ್ಟಿಯಾಗಿ ಓದಿ ಹೇಳಲಿ.

ಆ ಪುಟ ಓದುವುದರಿಂದ ಒಂದು ದೊಡ್ಡ ಭಯ ಕಳೆಯುತ್ತದೆ. ಫ್ಯಾಮಿಲಿ ಲಿಂಕ್ ಮಗುವಿನ ಸಂದೇಶಗಳನ್ನು ತೋರಿಸುವುದಿಲ್ಲ, ಕರೆ ಕೇಳಿಸುವುದಿಲ್ಲ, ಪರದೆಯನ್ನು ದೂರದಿಂದ ತೋರಿಸುವುದಿಲ್ಲ. ಯಾವ ಆ್ಯಪ್ ಎಷ್ಟು ಹೊತ್ತು ತೆರೆದಿತ್ತು, ಫೋನ್ ಎಲ್ಲಿದೆ, ಏನು ಹೊಸದಾಗಿ ಹಾಕಿಕೊಳ್ಳಲು ಕೇಳುತ್ತಿದ್ದಾರೆ ಎಂಬುದಷ್ಟೇ ಪಾಲಕರಿಗೆ ಕಾಣುತ್ತದೆ.

ಮಗುವಿಗೆ 13 ತುಂಬುವ ಹೊತ್ತಿಗೆ ಗೂಗಲ್ ಇಬ್ಬರಿಗೂ ಇಮೇಲ್ ಕಳುಹಿಸುತ್ತದೆ. ಆ ದಿನವೇ ಮೇಲ್ವಿಚಾರಣೆ ತಾನಾಗಿ ಬಿದ್ದುಹೋಯಿತೆಂದು ತಿಳಿಯಬೇಡಿ, ಮುಂದುವರಿಸಬಹುದು. ಆ ಇಮೇಲ್ ಅನ್ನು ನಿಮ್ಮ ಫೋನಿನಲ್ಲಿ ನೀವೇ ಓದಬೇಕು ಎಂಬುದಕ್ಕೂ ಎರಡನೇ ಹಂತ ಬೇಕಾಗುತ್ತದೆ.

ಐಫೋನ್ ಇರುವವರು ‘ಫ್ಯಾಮಿಲಿ ಶೇರಿಂಗ್’ನಲ್ಲಿ ಮಗುವನ್ನು ಸೇರಿಸಿ, ‘ಸ್ಕ್ರೀನ್ ಟೈಮ್’ಗೆ ಪ್ರತ್ಯೇಕ ಪಾಸ್‌ಕೋಡ್ ಇಟ್ಟು, ‘ಆಸ್ಕ್ ಟು ಬೈ’ ಚಾಲೂ ಮಾಡಿದರೆ ಹೆಚ್ಚುಕಡಿಮೆ ಇದೇ ಫಲ ಸಿಗುತ್ತದೆ.

ಹಂತ 4: ಒಪ್ಪಿಗೆಯ ಕೋರಿಕೆ ಬಂದಾಗ ಏನು ಓದಬೇಕು

ಫ್ಯಾಮಿಲಿ ಲಿಂಕ್‌ನಲ್ಲಿ ಮಗುವಿನ ಹೆಸರು ಒತ್ತಿ, ‘ಕಂಟ್ರೋಲ್ಸ್’ ಭಾಗದಲ್ಲಿ ಗೂಗಲ್ ಪ್ಲೇ ಆರಿಸಿ. ಯಾವುದಕ್ಕೆಲ್ಲ ಅನುಮೋದನೆ ಬೇಕು ಎಂಬ ಪ್ರಶ್ನೆಗೆ ನಾಲ್ಕು ಆಯ್ಕೆಗಳಿರುತ್ತವೆ. 16 ಆಗುವವರೆಗೆ ಉಚಿತವಾದದ್ದೂ ಸೇರಿ ಎಲ್ಲಕ್ಕೂ ಅನುಮೋದನೆ ಬೇಕು ಎಂಬ ಮೊದಲ ಆಯ್ಕೆ ಇರಲಿ. ಆ ಮೇಲೆ ಹಣ ಕೊಡುವುದಕ್ಕೆ ಮಾತ್ರ ಎಂದು ಸಡಿಲಿಸಬಹುದು. ಈಗಾಗಲೇ ಇರುವ ಆ್ಯಪ್‌ಗಳ ಅಪ್‌ಡೇಟ್‌ಗೆ ಮತ್ತು ಹಿಂದೆ ಒಮ್ಮೆ ಹಾಕಿಕೊಂಡಿದ್ದ ಆ್ಯಪ್ ಅನ್ನು ಮರಳಿ ಹಾಕುವುದಕ್ಕೆ ಈ ಅನುಮೋದನೆ ಕೇಳುವುದಿಲ್ಲ ಎಂಬುದು ನೆನಪಿರಲಿ. ಅಂಗಡಿಯಲ್ಲಿ ಹಾಕಿಕೊಟ್ಟ ಹತ್ತಾರು ಆ್ಯಪ್‌ಗಳನ್ನು ನೀವೇ ಕುಳಿತು ತೆಗೆಯಬೇಕು.

ಒಂದು ಕೋರಿಕೆಯನ್ನು ಹತ್ತಿರದಿಂದ ನೋಡೋಣ. ಒಂಬತ್ತನೇ ತರಗತಿಯ ಮಗಳು ಫೋಟೊ ಚೆಂದಗೊಳಿಸುವ ಆ್ಯಪ್ ಒಂದನ್ನು ಕೇಳಿದ್ದಾಳೆ. ನಿಮ್ಮ ಪರದೆಯಲ್ಲಿ ಅದರ ಹೆಸರು, ಕೆಳಗೆ ‘ಅಪ್ರೂವ್’ ಮತ್ತು ‘ಡಿನೈ’. ಹೆಸರಿನ ಮೇಲೆ ಒತ್ತಿ ಪ್ಲೇ ಸ್ಟೋರ್ ಪುಟಕ್ಕೆ ಹೋಗಿ. ವಯಸ್ಸಿನ ಗುರುತು 3+ ಎಂದಿದೆ. ಬಹುತೇಕ ಪಾಲಕರು ಇಲ್ಲಿಗೇ ಸಮಾಧಾನಪಟ್ಟು ಒಪ್ಪಿಬಿಡುತ್ತಾರೆ. ಆ ಗುರುತು ಆ್ಯಪ್‌ನ ಒಳಗೆ ಕಾಣುವ ಹಿಂಸೆ, ಅಶ್ಲೀಲತೆಯಂಥ ವಿಷಯದ ಬಗ್ಗೆ ಹೇಳುತ್ತದೆಯೇ ಹೊರತು ಆ್ಯಪ್ ಮಗುವಿನಿಂದ ಏನು ತೆಗೆದುಕೊಳ್ಳುತ್ತದೆ ಎಂದಲ್ಲ. ಅದಕ್ಕೆ ಇನ್ನೂ ಕೆಳಗಿರುವ ‘ಡೇಟಾ ಸೇಫ್ಟಿ’ ತೆರೆಯಿರಿ. ಸ್ಥಳದ ಮಾಹಿತಿ, ಫೋಟೊ, ಸಂಪರ್ಕ ಸಂಖ್ಯೆಗಳನ್ನು ಸಂಗ್ರಹಿಸುತ್ತದೆಯೇ, ಬೇರೆ ಕಂಪನಿಗಳೊಂದಿಗೆ ಹಂಚಿಕೊಳ್ಳುತ್ತದೆಯೇ, ಮಾಹಿತಿ ಅಳಿಸಿ ಎಂದು ಕೇಳಲು ದಾರಿ ಇದೆಯೇ ಎಂದು ಅಲ್ಲಿ ಬರೆದಿರುತ್ತದೆ. ಅದನ್ನು ಬರೆಯುವುದು ಆ್ಯಪ್ ಮಾಡಿದವರೇ ಆದ್ದರಿಂದ ಪೂರ್ತಿ ನಂಬಬೇಕಾಗಿಲ್ಲ. ಫೋಟೊ ತಿದ್ದುವ ಆ್ಯಪ್‌ಗೆ ಸಂಪರ್ಕ ಸಂಖ್ಯೆಗಳೇಕೆ ಬೇಕು ಎಂದು ಮಗಳನ್ನೇ ಕೇಳಿ. ಅವಳಿಗೂ ಉತ್ತರ ಹೊಳೆಯದಿದ್ದರೆ ಬೇರೆ ಆ್ಯಪ್ ಹುಡುಕಲು ಹೇಳಿ. ಬೇಡ ಎನ್ನುವಾಗ ಕಾರಣ ಹೇಳಿದ ಮನೆಗಳಲ್ಲಿ ಮಕ್ಕಳು ಕಳ್ಳದಾರಿ ಹುಡುಕುವುದು ಕಡಿಮೆ ಎಂಬುದು ತರಗತಿಯಲ್ಲಿ ನನಗೆ ಕಂಡ ಸತ್ಯ.

ಒಪ್ಪಿಗೆ ಕೊಟ್ಟ ಮೇಲೂ ಅನುಮತಿಗಳು ಬೇರೆಯಾಗಿ ಉಳಿಯುತ್ತವೆ. ಮೈಕ್, ಕ್ಯಾಮೆರಾ, ಸ್ಥಳ, ಸಂಪರ್ಕ ಇವುಗಳಲ್ಲಿ ಯಾವ ಆ್ಯಪ್‌ಗೆ ಯಾವುದು ಎಂಬುದನ್ನು ಫ್ಯಾಮಿಲಿ ಲಿಂಕ್‌ನಲ್ಲಿಯೇ ನಿಯಂತ್ರಿಸಬಹುದು.

ಇಲ್ಲಿಯೇ ಇನ್ನೊಂದು ಬಾಗಿಲು ಮುಚ್ಚಿ: ಪ್ಲೇ ಸ್ಟೋರ್ ಹೊರತಾಗಿ ಬೇರೆ ಕಡೆಯಿಂದ ಆ್ಯಪ್ ಹಾಕಿಕೊಳ್ಳುವ ಅವಕಾಶ. ಆಟಗಳ ‘ಮಾಡ್’ (ಬೇರೆಯವರು ತಿದ್ದಿದ) ರೂಪಗಳು, ಸಂಚಾರ ದಂಡದ ಚಲನ್ ಹೆಸರಿನ ಕಡತಗಳು ಎಪಿಕೆ ರೂಪದಲ್ಲಿ, ಅಂದರೆ ಒತ್ತಿದರೆ ನೇರವಾಗಿ ಆ್ಯಪ್ ಹಾಕಿಕೊಳ್ಳುವ ಕಡತಗಳಾಗಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತವೆ. ಅವನ್ನು ಹಾಕಿಕೊಂಡ ಫೋನಿನಿಂದ ಬ್ಯಾಂಕಿನ ಒಟಿಪಿ ಕದಿಯುವ ವಂಚನೆ ಎಲ್ಲೆಡೆ ನಡೆಯುತ್ತಿದೆ.

ಕ್ರೋಮ್‌ನಲ್ಲಿ ಅಶ್ಲೀಲ ತಾಣಗಳನ್ನು ತಡೆಯುವ ಆಯ್ಕೆ ಹಾಕಿ. ಆದರೆ ಅದು ಕ್ರೋಮ್‌ಗೆ ಮಾತ್ರ. ಮಗು ಬೇರೆ ಬ್ರೌಸರ್ ಕೇಳಿದರೆ ಒಪ್ಪುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಹಂತ 5: ಹೊತ್ತಿನ ಮಿತಿ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಡೌನ್‌ಟೈಮ್’ನಲ್ಲಿ ಮಲಗುವ ಹೊತ್ತು, ‘ಸ್ಕೂಲ್ ಟೈಮ್’ನಲ್ಲಿ ಶಾಲೆಯ ಹೊತ್ತು ಹಾಕಿ. ಶಬ್ದಕೋಶ, ಕ್ಯಾಲ್ಕುಲೇಟರ್, ಫೋನ್ ಕರೆಗಳನ್ನು ಸದಾ ಅನುಮತಿಸಿ. ಊರಿನಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ಮಗುವಿನ ಫೋನ್ ಲಾಕ್ ಆಗಿ ಕುಳಿತರೆ ಫ್ಯಾಮಿಲಿ ಲಿಂಕ್‌ನ ‘ಪೇರೆಂಟ್ ಆ್ಯಕ್ಸೆಸ್ ಕೋಡ್’ನಿಂದ ಬಿಡಿಸಬಹುದು. ಜಾತ್ರೆಗೆ, ಮದುವೆಗೆ ಹೋಗುವ ಮುನ್ನ ಆ ಕೋಡ್ ಎಲ್ಲಿ ಸಿಗುತ್ತದೆಂದು ನೋಡಿಟ್ಟುಕೊಳ್ಳಿ.

ಹಂತ 6: ಯೂಟ್ಯೂಬ್ ಮತ್ತು ಇನ್‌ಸ್ಟಾಗ್ರಾಂ

13ರೊಳಗಿನ ಮಕ್ಕಳಿಗೆ ಯೂಟ್ಯೂಬ್ ಮೂರು ಮಟ್ಟಗಳನ್ನು ಕೊಡುತ್ತದೆ: 9 ಮೇಲ್ಪಟ್ಟವರಿಗೆ ತಕ್ಕ ‘ಎಕ್ಸ್‌ಪ್ಲೋರ್’, 13 ಮೇಲ್ಪಟ್ಟವರಿಗೆ ತಕ್ಕ ‘ಎಕ್ಸ್‌ಪ್ಲೋರ್ ಮೋರ್’, ಮತ್ತು ವಯಸ್ಕರ ವಿಡಿಯೊಗಳನ್ನಷ್ಟೇ ಬಿಟ್ಟು ಬಹುಪಾಲು ತೋರಿಸುವ ‘ಮೋಸ್ಟ್ ಆಫ್ ಯೂಟ್ಯೂಬ್’. 13 ದಾಟಿದವರಿಗೆ ಬೇರೆ ಬಗೆಯ ಜೋಡಣೆ ಇದೆ. ಇಬ್ಬರೂ ಒಪ್ಪಿ ಖಾತೆ ಜೋಡಿಸಿಕೊಂಡರೆ ಮಗು ವಿಡಿಯೊ ಹಾಕಿದಾಗ, ನೇರಪ್ರಸಾರ ಆರಂಭಿಸಿದಾಗ ಪಾಲಕರಿಗೆ ತಿಳಿಯುತ್ತದೆ. ರೀಲ್ಸ್, ಶಾರ್ಟ್ಸ್ ಮಾಡುವ ಉಮೇದಿರುವ ಮಕ್ಕಳಿದ್ದರೆ ಇದು ಉಪಯುಕ್ತ.

ಇನ್‌ಸ್ಟಾಗ್ರಾಂನ ಟೀನ್ ಅಕೌಂಟ್ ವ್ಯವಸ್ಥೆ ಭಾರತಕ್ಕೆ ಬಂದದ್ದು 2025ರ ಫೆಬ್ರುವರಿಯಲ್ಲಿ. ಜನ್ಮದಿನಾಂಕ ನಿಜವಾಗಿದ್ದರೆ ಖಾತೆ ಮೊದಲಿಗೇ ಖಾಸಗಿಯಾಗಿರುತ್ತದೆ, ಮಗು ಹಿಂಬಾಲಿಸದ ಅಥವಾ ಪರಿಚಯವಿಲ್ಲದ ಜನರಿಂದ ಸಂದೇಶ ಬರುವುದಿಲ್ಲ, ದಿನಕ್ಕೆ 60 ನಿಮಿಷವಾದ ಮೇಲೆ ನಿಲ್ಲಿಸುವಂತೆ ನೆನಪಿಸುತ್ತದೆ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಮೌನವಾಗಿರುತ್ತದೆ. ವಯಸ್ಸನ್ನು 19 ಎಂದು ಬರೆದಿದ್ದ ಮಗುವಿಗೆ ಈ ರಕ್ಷಣೆಗಳಾವುವೂ ತಾನಾಗಿ ಸಿಗುವುದಿಲ್ಲ. ಅದಕ್ಕೇ ಮೊದಲ ಹಂತದ ಬಗ್ಗೆ ಅಷ್ಟು ಒತ್ತಾಯಿಸಿದೆ.

ಮೇಲ್ವಿಚಾರಣೆ ಜೋಡಿಸಲು ಪಾಲಕರಿಗೂ ಇನ್‌ಸ್ಟಾಗ್ರಾಂ ಖಾತೆ ಬೇಕು. ಮಗುವಿನ ಪ್ರೊಫೈಲ್‌ನ ಮೂರು ಗೆರೆಗಳನ್ನು ಒತ್ತಿ ‘ಫ್ಯಾಮಿಲಿ ಸೆಂಟರ್’ ಹುಡುಕಿ, ಅಲ್ಲಿಂದ ಆಮಂತ್ರಣ ಕಳುಹಿಸಿ, ನಿಮ್ಮ ಕಡೆಯಿಂದ ಒಪ್ಪಿ. ಆ ಬಳಿಕ ಕಳೆದ ಏಳು ದಿನಗಳಲ್ಲಿ ಮಗು ಯಾರೊಂದಿಗೆ ಸಂದೇಶ ವಿನಿಮಯ ಮಾಡಿದೆ ಎಂಬುದು ಕಾಣುತ್ತದೆ, ಏನು ಬರೆದಿದೆ ಎಂಬುದಲ್ಲ. 16ರೊಳಗಿನ ಮಗು ಖಾತೆಯನ್ನು ಸಾರ್ವಜನಿಕ ಮಾಡಲು ಬಯಸಿದರೆ ನಿಮಗೆ ಕೋರಿಕೆ ಬರುತ್ತದೆ. ನೇರಪ್ರಸಾರಕ್ಕೂ ನಿಮ್ಮ ಒಪ್ಪಿಗೆ ಬೇಕು. ಸಂದೇಶದಲ್ಲಿ ಬರುವ ನಗ್ನ ಚಿತ್ರಗಳನ್ನು ಮಸುಕುಗೊಳಿಸುವ ವ್ಯವಸ್ಥೆಯನ್ನು ತೆಗೆಯಲೂ ನೀವು ಒಪ್ಪಬೇಕು. ಈ ಮೂರನೆಯದಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ. ಮೊದಲ ಎರಡನ್ನು ಮಗುವಿನೊಡನೆ ಮಾತನಾಡಿ ತೀರ್ಮಾನಿಸಿ. ಭರತನಾಟ್ಯವನ್ನೋ ಹಿಂದುಸ್ತಾನಿ ಸಂಗೀತವನ್ನೋ ಕಲಿಯುತ್ತಿರುವ ಮಗು ತನ್ನ ಕಲೆ ನಾಲ್ಕು ಜನಕ್ಕೆ ಕಾಣಲಿ ಎಂದು ಬಯಸುವುದು ತಪ್ಪಲ್ಲ, ಅದಕ್ಕೆ ಬೇರೆ ಖಾತೆಯನ್ನು ಪಾಲಕರೇ ತೆರೆದು ನಡೆಸಬಹುದು.

ವಾಟ್ಸ್‌ಆ್ಯಪ್‌ನಲ್ಲಿ ‘ಪ್ರೈವಸಿ’ ತೆರೆದು, ಗುಂಪಿಗೆ ಸೇರಿಸುವ ಅವಕಾಶವನ್ನು ಪರಿಚಿತರಿಗೆ ಮಾತ್ರ ಕೊಡಿ, ಅಪರಿಚಿತ ಕರೆಗಳನ್ನು ಮೌನಗೊಳಿಸಿ, ಪ್ರೊಫೈಲ್ ಚಿತ್ರ ಎಲ್ಲರಿಗೂ ಕಾಣದಂತೆ ಮಾಡಿ.

ಹಂತ 7: ಆಟ ಮತ್ತು ಹಣ

ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ (ಬಿಜಿಎಂಐ) ಎಂಬ ಗುಂಡಿನ ಕಾಳಗದ ಆಟದಂಥವುಗಳಲ್ಲಿ 18ರೊಳಗಿನವರಿಗೆ ಪಾಲಕರ ದೃಢೀಕರಣ ಬೇಕು. ತಡೆ ತೆರವಾಗಿ 2023ರಲ್ಲಿ ಆ ಆಟ ಮರಳಿ ಬಂದಾಗ ಮಕ್ಕಳಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಲಾಯಿತು. ಇಲ್ಲಿಯೂ ದೃಢೀಕರಣಕ್ಕೆ ಪಾಲಕರ ಮೊಬೈಲ್ ಸಂಖ್ಯೆ ಕೇಳಿದಾಗ ಗೆಳೆಯನ ಸಂಖ್ಯೆ ಕೊಡುವ ಮಕ್ಕಳಿದ್ದಾರೆ. ಆಟದೊಳಗೆ ಯಾವ ಸಂಖ್ಯೆ ಇದೆ ಎಂದು ಕೇಳಿ ನೋಡಿ. ಹಣ ಕಟ್ಟಿ ಗೆಲ್ಲುವ ಆಟಗಳ ಮಾತೇ ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಅವನ್ನು ದೊಡ್ಡವರಿಗೂ ನಿಷೇಧಿಸಿದೆ.

ಯುಪಿಐ ಪಿನ್ ಮಗುವಿಗೆ ಗೊತ್ತಿದ್ದರೆ ಇಂದೇ ಬದಲಿಸಿ. ನಿಮ್ಮ ಪಾವತಿ ಆ್ಯಪ್‌ನಲ್ಲಿ ‘ಆಟೊಪೇ’ ಪಟ್ಟಿ ತೆರೆದು ಆಟಗಳಿಗೆ ಅಥವಾ ಚಂದಾಗಳಿಗೆ ತಿಂಗಳು ತಿಂಗಳು ಹೋಗುವ ಹಣವಿದ್ದರೆ ರದ್ದುಮಾಡಿ. ಮಗುವಿಗೆ ಬಸ್ಸು, ಪುಸ್ತಕ, ಊಟಕ್ಕೆ ಹಣ ಬೇಕಾದಾಗ, ನಿಮ್ಮ ಖಾತೆಯಿಂದ ಮಗು ಪಾವತಿ ಮಾಡಲು ಬಿಡುವ ‘ಯುಪಿಐ ಸರ್ಕಲ್’ ಉತ್ತಮ ದಾರಿ. ಅದರಲ್ಲಿ ಪ್ರತಿ ಪಾವತಿಯನ್ನೂ ನೀವೇ ಒಪ್ಪುವ ಆಯ್ಕೆಯಿದೆ. ತಿಂಗಳಿಗೆ ಗರಿಷ್ಠ 15,000 ರೂಪಾಯಿಯೊಳಗೆ ನೀವು ನಿಗದಿಪಡಿಸಿದ ಮಿತಿಯವರೆಗೆ ಮಗುವೇ ಕೊಡುವ ಆಯ್ಕೆಯೂ ಇದೆ. ಹದಿಹರೆಯದವರಿಗೆ ಮೊದಲನೆಯದನ್ನೇ ಇಡಿ.

ಮಗು ಧಾರವಾಡದಲ್ಲಿ, ನೀವು ಹಾವೇರಿಯಲ್ಲಿ

ಪಿಯುಸಿಗೆ, ನೀಟ್ ತಯಾರಿಗೆಂದು ಗದಗ, ಹಾವೇರಿ ಕಡೆಯ ಮಕ್ಕಳು ಧಾರವಾಡದ ಸಪ್ತಾಪುರದ ಕೋಣೆಗಳಲ್ಲಿ, ಹಾಸ್ಟೆಲ್‌ಗಳಲ್ಲಿ ಇರುತ್ತಾರೆ. ಅಲ್ಲಿ ಹೊತ್ತಿನ ಮಿತಿಯನ್ನು ಮನೆಯಲ್ಲಿದ್ದಾಗಿನಂತೆ ಬಿಗಿಯಾಗಿ ಹಾಕಬೇಡಿ. ಟೆಸ್ಟ್ ಸರಣಿಯ ನಡುವೆ ಫೋನ್ ಲಾಕ್ ಆಗಿ, ಅಪ್ಪ ಹೊಲದಲ್ಲಿ ಕರೆ ತೆಗೆಯದೆ, ಮಗು ಕಂಗಾಲಾದದ್ದನ್ನು ಕೇಳಿದ್ದೇನೆ. ಆ್ಯಪ್ ಅನುಮೋದನೆ ಮತ್ತು ಹಣದ ಅನುಮೋದನೆ ಉಳಿಸಿಕೊಂಡು ಹೊತ್ತಿನ ಮಿತಿಯನ್ನು ಮಗುವಿಗೇ ಬಿಡಿ, ವಾರಕ್ಕೊಮ್ಮೆ ಬಳಕೆಯ ವಿವರವನ್ನು ಇಬ್ಬರೂ ಫೋನಿನಲ್ಲಿ ಮಾತನಾಡುತ್ತಾ ನೋಡಿ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಓಡಾಡುವ ಮಕ್ಕಳ ಸ್ಥಳ ತಿಳಿಯಬೇಕೆಂದರೆ ಸ್ಥಳ ಹಂಚಿಕೆ ಇಟ್ಟುಕೊಳ್ಳಿ, ಆದರೆ ತಾಸಿಗೊಮ್ಮೆ ನೋಡಿ ‘ಅಲ್ಲೇಕೆ ನಿಂತೆ’ ಎಂದು ಕೇಳುವುದಕ್ಕಲ್ಲ.

ಶಾಲೆಗಳು, ಕೋಚಿಂಗ್ ಕೇಂದ್ರಗಳು ಕೊಡುವ ಒಪ್ಪಿಗೆಯ ನಮೂನೆಗಳನ್ನೂ ಇದೇ ಕಣ್ಣಿನಿಂದ ಓದಿ. ವಿದ್ಯಾರ್ಥಿಯ ಓದಿನ ದಾಖಲೆಗಳನ್ನು ಒಂದೆಡೆ ಜೋಡಿಸುವ ಅಪಾರ್ ಗುರುತಿನ ಸಂಖ್ಯೆಗೆ ಪಾಲಕರ ಲಿಖಿತ ಒಪ್ಪಿಗೆ ಬೇಕು, ಅದನ್ನು ಹಿಂಪಡೆಯಲೂ ಅವಕಾಶವಿದೆ. ಕೋಚಿಂಗ್ ಕೇಂದ್ರ ಮಗುವಿನ ಫೋಟೊ, ಅಂಕಗಳನ್ನು ಜಾಹೀರಾತಿಗೆ ಬಳಸುವ ಸಾಲು ನಮೂನೆಯಲ್ಲಿದ್ದರೆ, ಬೇಡವೆನಿಸಿದರೆ ಆ ಸಾಲು ಹೊಡೆದು ಪಕ್ಕದಲ್ಲಿ ಸಹಿ ಮಾಡಿ, ಒಂದು ಪ್ರತಿ ಇಟ್ಟುಕೊಳ್ಳಿ.

ಏನಾದರೂ ಕೆಟ್ಟದ್ದು ನಡೆದಾಗ

ಯಾರೋ ಹೆದರಿಸುತ್ತಿದ್ದಾರೆ, ಚಿತ್ರ ಹರಿಬಿಡುವುದಾಗಿ ಹೇಳುತ್ತಿದ್ದಾರೆ, ಹಣ ಕೇಳುತ್ತಿದ್ದಾರೆ ಎಂದು ಮಗು ಬಂದು ಹೇಳಿದರೆ ಆ ಕ್ಷಣದಲ್ಲಿ ಬೈಯಬೇಡಿ, ಫೋನ್ ಕಸಿದುಕೊಳ್ಳಬೇಡಿ. ಫೋನ್ ಕಸಿದುಕೊಳ್ಳುತ್ತಾರೆ ಎಂಬ ಹೆದರಿಕೆಯಿಂದಲೇ ಮಕ್ಕಳು ತಿಂಗಳುಗಟ್ಟಲೆ ಮುಚ್ಚಿಡುತ್ತಾರೆ. ಹಣ ಕೊಡಬೇಡಿ. ಸಂದೇಶಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡಿ, ಖಾತೆಯ ಹೆಸರು ಮತ್ತು ಕೊಂಡಿ ಬರೆದಿಟ್ಟುಕೊಳ್ಳಿ, ಆ ಮೇಲೆ ಬ್ಲಾಕ್ ಮಾಡಿ.

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098. ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಷಯದ ದೂರನ್ನು ಹೆಸರು ಹೇಳದೆಯೂ ಸಲ್ಲಿಸಬಹುದು. ಹುಬ್ಬಳ್ಳಿ-ಧಾರವಾಡ ಕಮಿಷನರೇಟ್‌ನಲ್ಲಿಯೂ ಗದಗ, ಹಾವೇರಿ ಜಿಲ್ಲೆಗಳಲ್ಲಿಯೂ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ (ಸಿಇಎನ್) ಪೊಲೀಸ್ ಠಾಣೆಗಳಿವೆ. ಮಗುವಿನ ಖಾಸಗಿ ಚಿತ್ರ ಹರಡುವ ಭಯವಿದ್ದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಚಿತ್ರವನ್ನು ಯಾರಿಗೂ ಕಳುಹಿಸದೆ ಅದರ ಡಿಜಿಟಲ್ ಗುರುತನ್ನು ಮಾತ್ರ ಕೊಟ್ಟು, ಭಾಗವಹಿಸುವ ತಾಣಗಳಲ್ಲಿ ಅದನ್ನು ತಡೆಯಲು ಕೇಳಬಹುದು. ಮಗು ನಿದ್ದೆ, ಊಟ ಬಿಟ್ಟು ಕುಸಿದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಇಲ್ಲವೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಅಲ್ಲಿಗೆ ಹೋಗುವುದರಲ್ಲಿ ಮರ್ಯಾದೆಯ ಪ್ರಶ್ನೆ ಇಲ್ಲ.

ಸಡಿಲಿಸುವುದು ಯಾವಾಗ

ಮೇಲ್ವಿಚಾರಣೆಯನ್ನು ಒಂದೇ ಸಲ ತೆಗೆಯಬೇಡಿ. ಪ್ರತಿ ಜನ್ಮದಿನದ ಹೊತ್ತಿಗೆ ಕುಳಿತು ಒಂದೊಂದನ್ನು ಬಿಡಿ: 15ಕ್ಕೆ ಬೇಸಿಗೆ ರಜೆಯ ಹೊತ್ತಿನ ಮಿತಿ, 16ಕ್ಕೆ ಉಚಿತ ಆ್ಯಪ್‌ಗಳ ಅನುಮೋದನೆ, 17ಕ್ಕೆ ಸ್ಥಳ ಹಂಚಿಕೆ ಬೇಕೋ ಬೇಡವೋ ಎಂಬ ಆಯ್ಕೆ. ಬಿಟ್ಟಿದ್ದನ್ನು ಕೋಪ ಬಂದಾಗ ಮರಳಿ ಹಾಕುವುದು ಬೇಡ.

18 ತುಂಬಿದ ವಾರದಲ್ಲಿ ಕೆಲವು ಕೆಲಸಗಳಿವೆ. ಮಗುವಿನ ಗೂಗಲ್ ಮತ್ತು ಇನ್‌ಸ್ಟಾಗ್ರಾಂ ಖಾತೆಗಳಲ್ಲಿ ಮೇಲ್ವಿಚಾರಣೆ ಇನ್ನೂ ಇದೆಯೇ ನೋಡಿ ತೆಗೆಯಿರಿ. ಖಾತೆ ಮರಳಿ ಪಡೆಯುವ ಸಂಖ್ಯೆಯಾಗಿ ಅವರದೇ ಸಂಖ್ಯೆ ಹಾಕಿ, ನಿಮ್ಮದನ್ನು ಅವರು ಬಯಸಿದರೆ ಮಾತ್ರ ಉಳಿಸಿ. ಯುಪಿಐ ಸರ್ಕಲ್ ಮುಚ್ಚಿ, ಅವರ ಬ್ಯಾಂಕ್ ಖಾತೆಗೆ ಅವರದೇ ಯುಪಿಐ ಮಾಡಿಸಿ. 18ಕ್ಕೆ ಮೊದಲು ಮಕ್ಕಳ ಹೆಸರಿನಲ್ಲಿ ಸಿಮ್ ಕೊಡುವುದಿಲ್ಲವಾದ್ದರಿಂದ ಅವರ ಸಿಮ್ ನಿಮ್ಮ ಹೆಸರಿನಲ್ಲಿಯೇ ಇರುತ್ತದೆ. ಇಬ್ಬರ ಆಧಾರ್ ಹಿಡಿದು ಮೊಬೈಲ್ ಕಂಪನಿಯ ಸ್ವಂತ ಮಳಿಗೆಗೆ ಹೋಗಿ ಅದನ್ನು ಅವರ ಹೆಸರಿಗೆ ವರ್ಗಾಯಿಸಿಕೊಡಿ.